ಮನೆಯಲ್ಲೇ ವಕೀಲನಿರುವಾಗ

ಅಪ್ಪ ತೀರಿಕೊಂಡಾಗ ನನ್ನ ತಮ್ಮ ವಕೀಲನಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೇವೂರಿನ ನಮ್ಮ ಓಣಿಯಿಂದ ಕರಿಕೋಟು ಹಾಕಿದ ಮೊದಲ ಮನುಷ್ಯ ಅವನು. ಸನದು ಕೈಗೆ ಬಂದ ವಾರವೇ ಅಪ್ಪ ಅವನನ್ನು ಬಾಗಲಕೋಟೆಯಿಂದ ಊರಿಗೆ ಕರೆಸಿಕೊಂಡಿದ್ದ. ಬಸ್ಸಿಳಿದ ಜಾಗದಿಂದ ಬಸವಣ್ಣನ ಗುಡಿಯವರೆಗೆ ಕೋಟು ಹಾಕಿಕೊಂಡೇ ನಡೆಯಬೇಕೆಂದು ಹಟ ಹಿಡಿದ. ಬೇಸಿಗೆಯ ನಡುಮಧ್ಯಾಹ್ನ. ತಮ್ಮ ಬೆವರಿ ನೀರಾಗಿದ್ದ.

“ಅಪ್ಪಾ, ಇದು ಕೋರ್ಟಿನಾಗ ಹಾಕ್ಕೊಳ್ಳೂ ಕೋಟು. ಊರಾಗ ಯಾರೂ ಹಾಕ್ಕೊಳ್ಳಂಗಿಲ್ಲ.”

“ಬೆವರು ಒಣಗತೈತಿ ಬಿಡು. ಜನ ನೋಡಲಿ.”

ಅಪ್ಪ ಮುಂದೆ, ಅವನು ಹಿಂದೆ. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ನಾನು ಆ ದಿನ ತವರಿಗೆ ಬಂದಿದ್ದೆ. ಬಾಗಿಲಲ್ಲಿ ಆರತಿ ಹಿಡಿದು ನಿಂತಾಗ ಅಪ್ಪನ ಮುಖ ಕಂಡಿತು. ಅಂಥ ಮುಖವನ್ನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ. ಅದಕ್ಕೆ ನನಗೇನೂ ಹೊಟ್ಟೆಕಿಚ್ಚಾಗಲಿಲ್ಲ. ನನಗೂ ಹಾಗೇ ಆಗಿತ್ತು.

ನಾವು ಮೂವರು ಮಕ್ಕಳು. ಅಣ್ಣ ಬೇವೂರಿನಲ್ಲಿ ಅಪ್ಪನ ಜೊತೆ ಹೊಲ ನೋಡಿಕೊಂಡಿದ್ದ. ನಡುವಿನವಳು ನಾನು. ನನ್ನನ್ನು ಇಳಕಲ್ಲಿಗೆ ಕೊಟ್ಟಿದ್ದರು. ಅಲ್ಲಿ ಕನ್ನಡ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ, ನನ್ನ ಗಂಡನದು ಸಣ್ಣ ಸೀರೆ ಅಂಗಡಿ. ಕಿರಿಯವನು ತಮ್ಮ. ಬಾಗಲಕೋಟೆಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದ.

ಎಂಬತ್ತರ ದಶಕದ ನಡುವಿನ ಒಂದು ಹಿಂಗಾರಿನಲ್ಲಿ, ಜೋಳದ ಬಿತ್ತಿಗೆ ಮುಗಿಸಿ ಬಂದ ಅಪ್ಪ ಎದೆ ಹಿಡಿದುಕೊಂಡು ಕೂತ. ಬಾಗಲಕೋಟೆಯ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಲದಲ್ಲೇ ಮಣ್ಣು ಮಾಡಿದೆವು. ಶಿವಗಣಾರಾಧನೆ ಮುಗಿದು, ಬಂದ ಬೀಗರು ಹೋದ ಮೇಲೆ ಪಡಸಾಲೆಯಲ್ಲಿ ನಾವು ನಾಲ್ವರೇ ಉಳಿದೆವು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ತಮ್ಮ ತನ್ನ ಚೀಲದಿಂದ ಹೊಸ ಫೈಲೊಂದನ್ನು ತೆಗೆದು ಚಾಪೆಯ ಮೇಲಿಟ್ಟ.

ಅಪ್ಪ ಬಿಟ್ಟುಹೋದದ್ದು ದೊಡ್ಡ ಆಸ್ತಿಯೇನಲ್ಲ, ಆದರೆ ಗಂಟುಗಂಟಾದ ಆಸ್ತಿ. ಬೇವೂರಿನ ಮನೆ. ತಾನೇ ಕೊಂಡ ಒಂದು ಹೊಲ. ಅಜ್ಜನಿಂದ ಬಂದ ಇನ್ನೊಂದು ಹೊಲ. ಮಕ್ಕಳು ಓದಲೆಂದು ಬಾಗಲಕೋಟೆಯ ಹಳೇ ಊರಲ್ಲಿ ತೆಗೆದುಕೊಂಡಿದ್ದ ಎರಡು ಖೋಲಿಯ ಮನೆ. ಅದರಲ್ಲಿ ಈಗ ತಮ್ಮ ಇದ್ದ. ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ಉಯಿಲು ಬರೆದಿಟ್ಟಿರಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಗಲಕೋಟೆ ಮುಳುಗಡೆಯಾಗುತ್ತದೆಂಬ ಮಾತು ಆಗಲೇ ಎಲ್ಲರ ಬಾಯಲ್ಲಿತ್ತು. ಕಾಗದ ಯಾರ ಹೆಸರಿಗಿದೆಯೋ ಅವರಿಗೆ ಪರಿಹಾರ ಎನ್ನುತ್ತಿದ್ದರು. ಹಾಗಾಗಿ ತಡ ಮಾಡುವಂತಿರಲಿಲ್ಲ.

“ಯವ್ವಾ, ನೀವ್ಯಾರೂ ಕಚೇರಿ ಮೆಟ್ಟಲ ಹತ್ತೂದು ಬ್ಯಾಡ,” ಎಂದ ತಮ್ಮ. “ಚಾವಡಿ, ಬ್ಯಾಂಕು, ಕೋರ್ಟು, ಎಲ್ಲಾ ನಾನ ನೋಡ್ತೇನಿ. ಹೇಳಿದಲ್ಲಿ ಸಹಿ ಹಾಕ್ರಿ, ಸಾಕು.”

“ಮತ್ತೇನು! ಇದಕ್ಕ ಅಲ್ಲೇನು ಅಪ್ಪ ನಿನ್ನ ಓದಿಸಿದ್ದು?” ಎಂದ ಅಣ್ಣ.

ವಾರಸುದಾರರ ಹೆಸರು ಏರಿಸಲು ಚಾವಡಿಗೆ ಕೊಡುವ ವಾರಸಾ ಅರ್ಜಿಯಲ್ಲಿ ಅವ್ವನ ಹೆಸರು, ನಮ್ಮ ಮೂವರ ಹೆಸರು ಇದ್ದವು. ಹೆಣ್ಣುಮಗಳೆಂದು ನನ್ನನ್ನು ಬಿಟ್ಟಿರಲಿಲ್ಲ. ಅದನ್ನು ನೋಡಿ ಸಂತೋಷವೇ ಆಯಿತು. ಆದರೆ ಅಜ್ಜನ ಹೊಲದ ಕಾಗದ ಬಂದಾಗ ನನ್ನ ಕೈ ನಿಂತಿತು.

ಆ ಹೊಲ ಅಪ್ಪನೊಬ್ಬನದಲ್ಲ. ಅಪ್ಪನಿಗೊಬ್ಬ ತಮ್ಮನಿದ್ದ, ನಮ್ಮ ಕಾಕಾ. ನಾನು ಸಣ್ಣವಳಿದ್ದಾಗಲೇ ಹಾವು ಕಚ್ಚಿ ಸತ್ತಿದ್ದ. ಅವನ ಹೆಂಡತಿ, ನಮ್ಮ ಚಿಗವ್ವ, ಎಳೆಯ ಮಗಳನ್ನು ಎತ್ತಿಕೊಂಡು ಬಾದಾಮಿ ಕಡೆಯ ತನ್ನ ತವರಿಗೆ ಹೋದಳು. ಅಜ್ಜ ತೀರಿದ ಮೇಲೆ ಹಿರಿಯ ಮಗನೆಂದು ಅಪ್ಪನ ಹೆಸರೊಂದೇ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬಂದಿತ್ತು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಊರಿಗೇ ಗೊತ್ತಿದ್ದ ಮಾತು. ಪ್ರತಿವರ್ಷ ರಾಶಿಯಾದೊಡನೆ ಚಿಗವ್ವನ ಪಾಲಿನ ಜೋಳ, ಕಡಲೆ ಬಂಡಿಯಲ್ಲಿ ಬಾದಾಮಿಗೆ ಹೋಗುತ್ತಿತ್ತು. ಬಂಡಿಯ ಜೊತೆ ಅಪ್ಪನೇ ಹೋಗುತ್ತಿದ್ದ.

“ಚಿಗವ್ವನ ಹೆಸರು ಎಲ್ಲಿ ಬರತೈತಿ?” ಎಂದು ಕೇಳಿದೆ.

“ಉತಾರದಾಗ ಆಕಿ ಹೆಸರ ಇಲ್ಲಲ್ಲಕ್ಕಾ. ಮೊದಲು ಅಪ್ಪನ ಹೆಸರಿನಿಂದ ನಮ್ಮ ಹೆಸರಿಗೆ ಬರಲಿ. ಮುಂದ ಮನಿಯೊಳಗ ನೋಡ್ಕೊಳ್ಳೂಣು.”

“ಮನಿಯೊಳಗ ಅಂದ್ರ?”

ಉತ್ತರ ಕೊಟ್ಟವನು ಅಣ್ಣ. “ಅಪ್ಪ ಹೆಂಗ ಕೊಡತಿದ್ದ, ಹಂಗ ನಾವೂ ಜ್ವಾಳ ಕೊಡೂದು. ನಾ ಏನ್ ಇಲ್ಲ ಅಂತೇನೇನು?”

ಇಲ್ಲ ಅನ್ನುವವನಲ್ಲ ಅಣ್ಣ, ನನಗದು ಗೊತ್ತಿತ್ತು. ಆದರೆ ಅವನ ಮಕ್ಕಳು? ತಮ್ಮನ ಹೆಂಡತಿಯಾಗಿ ಮುಂದೆ ಬರುವವಳು? ಚಿಗವ್ವನ ಮಗಳನ್ನು ಅವರು ಯಾರೆಂದು ಗುರುತಿಸಬೇಕು?

“ನಾ ಒಂದು ಮಾತು ಕೇಳ್ತೇನಿ,” ಎಂದು ತಮ್ಮನ ಕಡೆ ತಿರುಗಿದೆ. “ನಾಳೆ ಚಿಗವ್ವ ನಿನ್ನ ಹಂತೇಕ ಬಂದು, ವಕೀಲಪ್ಪಾ, ಈ ಹೊಲದಾಗ ನನಗೇನು ಬರತೈತಿ ಅಂತ ಕೇಳಿದ್ರ ಏನ್ ಹೇಳ್ತಿ?”

ಅವನು ಅಜ್ಜನ ಹೊಲದ ಕಾಗದವನ್ನು ತಿರುವಿ ನೋಡಿದ.

“ಖರೆ ಹೇಳಿದ್ರ ಅಣ್ಣಗ ಲುಕ್ಸಾನು, ನಿನಗೂ ಲುಕ್ಸಾನು. ಸುಳ್ಳು ಹೇಳಿದ್ರ ಆಕಿಗೆ ಲುಕ್ಸಾನು. ನೀ ಯಾರ ವಕೀಲ?”

“ನಾ ಎಲ್ಲಾರ್ದೂ…” ಎಂದು ಶುರುಮಾಡಿ ನಿಲ್ಲಿಸಿದ. ಕಾನೂನು ಓದಿದವನಿಗೆ ಆ ಮಾತು ಮುಂದಕ್ಕೆ ಹೋಗದೆಂದು ತಾನೇ ತಿಳಿಯಿತು.

“ನಮಗ ಹೊರಗಿನ ವಕೀಲ್ರು ಬೇಕು,” ಎಂದೆ. “ಈ ಮನಿಯಾಗ ಯಾರ ಮಗಾನೂ ಅಲ್ಲದವ್ರು, ಯಾರ ತಮ್ಮಾನೂ ಅಲ್ಲದವ್ರು.”

ಅಣ್ಣ ತೊಡೆ ತಟ್ಟಿಕೊಂಡು ನಕ್ಕ. ನಗೆಯಲ್ಲಿ ಸಿಟ್ಟಿತ್ತು. “ಮನ್ಯಾಗ ಎತ್ತು ಕಟ್ಟಿ, ಬಿತ್ತಾಕ ಬಾಡಿಗಿ ಎತ್ತು ತಂದಂಗಾತು! ಇವನ್ನ ಓದಸಾಕ ಹೊಲದ ಗಳಿಕೆಲ್ಲಾ ಹಾಕೇವಿ. ಈಗ ಮತ್ತೊಬ್ಬನ ಫೀ ಯಾಕ ಕೊಡಬೇಕು?”

ಅವ್ವ ಮೆಲ್ಲಗೆ ಹೇಳಿದಳು: “ಜನ ಏನಂತಾರ? ಮಗನ ಮ್ಯಾಲೆ ಮನಿಯವ್ರಿಗೇ ಭರೋಸ ಇಲ್ಲ ಅಂತಾರ. ಅಂವ್ಗ ಯಾರ ಕೆಲಸ ಕೊಡ್ತಾರ ಮುಂದ?”

ಆ ಮಾತು ನನಗೂ ಚುಚ್ಚಿತು. ತಮ್ಮ ಫೈಲಿನ ದಾರ ಕಟ್ಟಿ ಚೀಲಕ್ಕೆ ಹಾಕಿಕೊಂಡು ಹಿತ್ತಲ ಕಡೆ ಎದ್ದು ಹೋದ.

ಮರುದಿನ ಯಾರ ಜೊತೆಯೂ ಸರಿಯಾಗಿ ಮಾತಿಲ್ಲದೆ ಇಳಕಲ್ಲಿಗೆ ಹೊರಟುಬಂದೆ. ಅಂಗಡಿಯಲ್ಲಿ ಸೀರೆ ಮಡಿಕೆ ಹಾಕುತ್ತಿದ್ದ ಗಂಡನ ಮುಂದೆ ಎಲ್ಲ ಹೇಳಿದೆ.

“ನಿನ್ನ ತಮ್ಮ ಜಗಳಾ ಮಾಡಿದ್ನೇನು?”

“ಇಲ್ಲ. ಸುಮ್ಮನ ಎದ್ದು ಹ್ವಾದ.”

“ಹಂಗಾರ ನಿನ್ನ ಮಾತು ಅವ್ಗ ನಟ್ಟೈತಿ. ಸ್ವಲ್ಪ ದಿನ ಬಿಡು,” ಎಂದು ಅವರು ಗಿರಾಕಿಯ ಕಡೆ ತಿರುಗಿದರು.

ನನಗೆ ಬಿಡಲಾಗಲಿಲ್ಲ. ಶಾಲೆಯಲ್ಲಿ ಪಾಠ ಮಾಡುವಾಗಲೂ ಅದೇ ತಲೆಯಲ್ಲಿ. ಚಿಗವ್ವನ ನೆಪ ಮಾಡಿ ನಾನು ನನ್ನ ಪಾಲನ್ನೇ ಕಾಯ್ದುಕೊಳ್ಳುತ್ತಿದ್ದೇನೆಯೇ ಎಂದೂ ಅನ್ನಿಸಿತು. ಆಗ ನಮ್ಮ ಕಡೆ ಮಗಳನ್ನು ಕರೆಸಿ, ಉಡಿ ತುಂಬಿ, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಟ್ಟೆನೆಂದು ಸಹಿ ಹಾಕಿಸಿಕೊಳ್ಳುವುದೇ ರೂಢಿ. ಸಹಿ ಹಾಕದವಳು ತವರಿಗೆ ಬಂದರೆ ಬಾಗಿಲಲ್ಲಿ ನೀರು ಕೊಡುವವರಿರಲಿಲ್ಲ. ಹೊರಗಿನ ವಕೀಲರು ಬಂದರೆ ನನ್ನನ್ನೂ ಒಂದು ಮಾತು ಕೇಳುತ್ತಾರೆ ಎಂಬ ಆಸೆ ನನಗೆ ಇರಲಿಲ್ಲವೆಂದರೆ ಸುಳ್ಳಾದೀತು. ಇರಲಿ, ಅದೂ ಒಂದು ಕಾರಣ ಎಂದುಕೊಂಡೆ. ನ್ಯಾಯ ಕೇಳಲು ನನಗೆ ಸ್ವಂತ ಆಸೆಯೇ ಇರಬಾರದೆಂದೇನೂ ಇಲ್ಲವಲ್ಲ.

ರವಿವಾರ ಬಾದಾಮಿಯ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಇಳಿದು ಚಿಗವ್ವನಿಗೆಂದು ಕರದಂಟು ಕಟ್ಟಿಸಿಕೊಂಡೆ. ಚಿಗವ್ವ ಮಗಳು-ಅಳಿಯನ ಜೊತೆ ಶಿವಯೋಗ ಮಂದಿರದ ದಾರಿಯ ಒಂದು ಹಳ್ಳಿಯಲ್ಲಿದ್ದಳು. ಅಮಾವಾಸ್ಯೆಗೆ ಮಂದಿರದಲ್ಲಿ ರೊಟ್ಟಿ ಬಡಿಯುವ ಸೇವೆಗೆ ತಪ್ಪದೆ ಹೋಗುತ್ತಿದ್ದಳು. ನಾನು ಹೋದಾಗಲೂ ಒಲೆಯ ಮುಂದೆಯೇ ಇದ್ದಳು. ನನ್ನನ್ನು ಕಂಡು ಹಿಟ್ಟಿನ ಕೈಯಲ್ಲೇ ಗಲ್ಲ ಹಿಡಿದು ಅಪ್ಪನನ್ನು ನೆನೆದು ಅತ್ತಳು. ಆಮೇಲೆ ನಾನು ಬಂದ ಕಾರಣ ಹೇಳಿದೆ.

“ಕೋರ್ಟು ಕಚೇರಿ ಬ್ಯಾಡ ಮಗಳ. ನಿನ್ನ ತಮ್ಮ ನನ್ನ ಕಾಲಮ್ಯಾಲೆ ಎರಕೊಂಡು ಬೆಳದಂವ. ಅವನ ಕೂಡ ನಾ ವ್ಯಾಜ್ಯ ಮಾಡ್ಲ್ಯಾ?”

“ವ್ಯಾಜ್ಯ ಅಲ್ಲ ಚಿಗವ್ವಾ. ನಿನಗ ಏನ್ ಬೇಕು ಅಂತ ಕೇಳಾಕ ಬಂದೇನಿ.”

ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬಿದ ಮೇಲೆ ಹೇಳಿದಳು:

“ನಿಮ್ಮಪ್ಪ ಇರೂ ತನಕ ನಾ ಒಮ್ಮೆನೂ ಕೇಳಲಿಲ್ಲ. ಕೇಳೂ ಹಂಗ ಅಂವ ಮಾಡಲಿಲ್ಲ. ಈಗೂ ಕಾಳು ಬ್ಯಾಡ ನನಗ. ಮಗಳು ಹಾಕ್ತಾಳ.” ಸೆರಗಿನಿಂದ ಮುಖ ಒರೆಸಿಕೊಂಡಳು. “ಹೆಸರು ಇದ್ರ ಚಲೋ ಆಗತಿತ್ತು. ನಿಮ್ಮ ಕಾಕಾ ಆ ಹೊಲದಾಗ ಮಲಗ್ಯಾನ. ಅಲ್ಲಿ ಹೋಗಿ ದೀಪಾ ಹಚ್ಚಬೇಕಂದ್ರ ಮಂದಿ ಹೊಲಕ್ಕ ಹೋದಂಗ ಹೋಗ್ತೇನಿ.”

ಅಷ್ಟೇ ಹೇಳಿದ್ದು. ಊಟ ಮಾಡಿಸದೆ ಬಿಡಲಿಲ್ಲ. ಹೊರಡುವಾಗ ಮತ್ತೆ ಮತ್ತೆ ಹೇಳಿದಳು: “ನಾ ಕೇಳಿದೆ ಅಂತ ಮಾತ್ರ ಅನಬ್ಯಾಡ.”

ಅಲ್ಲಿಂದ ಇಳಕಲ್ಲಿಗೆ ಹೋಗಲಿಲ್ಲ. ಆ ಸಂಜೆ ಬಾಗಲಕೋಟೆಯಲ್ಲಿ ಗೆಳತಿಯ ಮನೆಯಲ್ಲಿ ಉಳಿದು, ಶಾಲೆಗೆ ರಜೆ ಹಾಕಿ, ಬೆಳಿಗ್ಗೆ ಕೋರ್ಟಿಗೆ ಹೋದೆ. ತಮ್ಮನ ಮನೆಗೇ ಹೋಗಬಹುದಿತ್ತು. ಆದರೆ ಅವನು ಬಾಗಿಲು ತೆರೆದು ಮುಖ ಸಣ್ಣದು ಮಾಡಿದರೆ ನನಗೆ ತಡೆಯಲಾಗುತ್ತಿರಲಿಲ್ಲ.

ಕೋರ್ಟಿನ ಜಗಲಿಯ ಮೇಲೆ, ಕೇಸಿಗೆ ಬಂದ ಪಕ್ಷಗಾರರ ನಡುವೆ ನಿಂತೆ. ನನ್ನ ತಮ್ಮ ತನ್ನ ಹಿರಿಯ ವಕೀಲರ ಹಿಂದೆ ಎದೆಮಟ್ಟ ಪುಸ್ತಕ ಹೊತ್ತು ಓಡುತ್ತಿದ್ದ. ನಡುವೆ ಒಬ್ಬ ಮುದುಕ ತಡೆದು ಏನೋ ಕೇಳಿದ. ತಮ್ಮ ಅಷ್ಟು ಅವಸರದಲ್ಲೂ ನಿಂತು, ಬಗ್ಗಿ, ಮುದುಕನ ಕಿವಿಯ ಹತ್ತಿರ ಬಿಡಿಸಿ ಹೇಳಿ, ಕೈಯಿಂದ ದಾರಿ ತೋರಿಸಿ ಮುಂದೆ ಹೋದ. ಅವನು ನನ್ನನ್ನು ನೋಡಿರಲಿಲ್ಲ. ಇಂಥವನ ಮುಂದೆ ನಾನು ಮಾತು ಆಡಲು ಹೆದರುವುದು ಯಾಕೆ ಎನ್ನಿಸಿತು.

ಮಧ್ಯಾಹ್ನ ನನ್ನನ್ನು ಕಂಡು ಖಾನಾವಳಿಗೆ ಕರೆದೊಯ್ದ. ರೊಟ್ಟಿ, ಬದನೆಕಾಯಿ ಪಲ್ಯ ಬಂದವು. ಅವನು ಮುರಿದ ರೊಟ್ಟಿಯನ್ನು ಬಾಯಿಗೆ ಹಾಕಲಿಲ್ಲ.

“ನನ್ನ ಮ್ಯಾಲೆ ನಿನಗ ಭರೋಸ ಇಲ್ಲೇನಕ್ಕಾ?”

“ಭರೋಸ ಐತಿ ಅಂತನ ಹೇಳಾಕತ್ತೇನಿ. ನಿನ್ನ ಹಂತೇಕ ನಾಳೆ ಮಂದಿ ತಮ್ಮ ಹೊಲಾ ಮನಿ ತಗೊಂಡ ಬರ್ತಾರ. ವಕೀಲ ತನ್ನ ಚಿಗವ್ವನ ಹೊಲಾನ ತಾನ ಬರಕೊಂಡ ಅಂತ ಒಬ್ಬ ಅಂದ್ರ ಸಾಕು, ಮುಗೀತು.”

“ನಾ ಹಂಗ ಮಾಡಾಂವಲ್ಲ.”

“ನನಗ ಗೊತ್ತೈತಿ. ಮಂದಿಗೆ ಗೊತ್ತಾಗಬೇಕಲ್ಲ. ಚಿಗವ್ವಗ ಗೊತ್ತಾಗಬೇಕಲ್ಲ. ನೀ ಚಲೋ ಮಾಡಿದ್ರೂ ಆಕಿ ಅದನ್ನ ಬರೇ ನಂಬಬೇಕು. ಕೇಳಾಕ ಆಕಿಗೆ ಯಾರೂ ಇಲ್ಲ.”

ಚಿಗವ್ವನ ಊರಿಗೆ ಹೋಗಿದ್ದನ್ನು ಹೇಳಿದೆ. ಕಾಕಾನ ದೀಪದ ಮಾತನ್ನೂ ಹೇಳಿದೆ. ಕೇಳಿದಳೆಂದು ಹೇಳಬೇಡ ಎಂದಿದ್ದಳು, ಆದರೂ ಹೇಳಿದೆ. ಅವನು ತಟ್ಟೆಯನ್ನೇ ನೋಡುತ್ತಿದ್ದ.

“ಆ ಫೈಲಿನ ಮ್ಯಾಲೆ ಅಪ್ಪನ ಹೆಸರು ಬರದಿದ್ದೆ,” ಎಂದ. “ಸಾಹೇಬ್ರದಲ್ಲ, ನಂದು ಅಂತ ಮೊದಲನೇ ಫೈಲು. ಅಪ್ಪಂದ ಆಗಲಿ ಅಂತ.”

ಇರಲಿ ಬಿಡು, ನೀನೇ ಮಾಡು ಎಂದು ಹೇಳಿಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಅವನು ಎದ್ದು ಕೈ ತೊಳೆದು ಬಂದ. ವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ನಿಂತು ಹೇಳಿದ:

“ಹುನಗುಂದದಾಗ ಒಬ್ಬರು ಹಿರ್ಯಾರು ಅದಾರ. ಇಲ್ಲಿಗೂ ಬರ್ತಾರ. ನಮ್ಮ ಸಾಹೇಬ್ರಿಗೆ ಯಾವಾಗ್ಲೂ ಎದುರು ಪಾರ್ಟಿ. ಹೋದ ತಿಂಗಳ ತುಂಬಿದ ಕೋರ್ಟಿನಾಗ ನನ್ನ ಅರ್ಜಿದಾಗಿನ ತಪ್ಪು ಎತ್ತಿ ತೋರಿಸಿ ನನ್ನ ನೀರು ಇಳಿಸ್ಯಾರ.”

“ಅಂಥಾವ್ರ ಹಂತೇಕ ಯಾಕ?”

“ಅವ್ರು ನನ್ನ ಮುಖ ನೋಡಿ ಏನೂ ಮಾಡಂಗಿಲ್ಲಕ್ಕಾ. ನಮಗ ಬೇಕಾದದ್ದು ಅದ ಅಲ್ಲೇನು?”

ನಾನು ಅವನನ್ನೇ ನೋಡಿದೆ. ಪರೀಕ್ಷೆ ಪಾಸಾದವನು ನನ್ನ ತಮ್ಮ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅಂದು ಆ ಖಾನಾವಳಿಯ ಹೊಗೆಯಲ್ಲಿ, ಬೆವರಿದ ಬಿಳಿ ಅಂಗಿಯಲ್ಲಿ ನಿಂತವನನ್ನು ಕಂಡು ಆದ ಹೆಮ್ಮೆ ಬೇರೆಯೇ. ಅದನ್ನು ಯಾರಿಗೂ ಹೇಳಿಕೊಂಡು ತಿರುಗಲಾಗುವುದಿಲ್ಲ.

ಅಣ್ಣ-ಅವ್ವನನ್ನು ಒಪ್ಪಿಸುವ ಕೆಲಸವನ್ನೂ ಅವನೇ ಹೊತ್ತುಕೊಂಡ. ಮುಂದಿನ ರವಿವಾರ ಬೇವೂರಿನಲ್ಲಿ ಕೂತು, ಯಾವ ಸೆಕ್ಷನ್ನೂ ಹೇಳದೆ, ಅಣ್ಣನಿಗೆ ಒಂದೇ ಮಾತು ಹೇಳಿದ: “ನಾ ಮಾಡಿಕೊಟ್ಟದ್ದನ್ನ ನಾಳೆ ಯಾರರೆ ಮುರೀಬಹುದು. ಹೊರಗಿನವ್ರು ಮಾಡಿಕೊಟ್ಟದ್ದು ಗಟ್ಟಿ.” ಅಣ್ಣ ಗೊಣಗಿದ, ತಂಬಾಕು ತಿಕ್ಕಿದ, ಫೀ ಎಷ್ಟಾಗಬಹುದೆಂದು ಮತ್ತೆ ಮತ್ತೆ ಕೇಳಿದ. ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು.

“ಆ ವಕೀಲ್ರು ನನ್ನ ಮಾತೂ ಕೇಳ್ತಾರೇನು?”

“ಮೊದಲು ನಿನ್ನ ಮಾತ ಕೇಳ್ತಾರವ್ವಾ,” ಎಂದ ತಮ್ಮ.

“ಹಂಗಾರ ಹೋಗೂಣು ನಡೀರಿ.”

ಹುನಗುಂದದ ವಕೀಲರ ಮನೆಯ ಮುಂದಿನ ಖೋಲಿಯೇ ಅವರ ಆಫೀಸು. ಧೋತರ, ಅರ್ಧ ತೋಳಿನ ಅಂಗಿ, ಮೂಗಿನ ತುದಿಗೆ ಚಾಳೀಸು. ತಮ್ಮನನ್ನು ನೋಡಿ ಗುರುತು ಹಿಡಿದರು. ಹುಬ್ಬೇರಿಸಿದರು.

“ನೀವು ವಕೀಲ್ರಾಗಿ ನನ್ನ ಹಂತೇಕ ಯಾಕ ಬಂದ್ರಿ?”

“ವಕೀಲ ಆಗಿ ಬಂದಿಲ್ರಿ. ನಮ್ಮಪ್ಪನ ಮಗ ಆಗಿ ಬಂದೇನ್ರಿ.”

ಅವರು ಚಾಳೀಸು ತೆಗೆದು ಅವನನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಅಣ್ಣ, ತಮ್ಮ ಇಬ್ಬರಿಗೂ ಹೊರಗಿನ ಕಟ್ಟೆ ತೋರಿಸಿದರು. “ನೀವು ಹೊರಗ ಕೂಡ್ರಿ. ತಾಯಿ, ನೀವು ಇರ್ರಿ. ಮಗಳೂ ಇರಲಿ, ನಿಮಗ ಧೈರ್ಯ.”

ಹುಟ್ಟಿದಾಗಿನಿಂದ ಅವ್ವ ಕುರ್ಚಿಯ ಮೇಲೆ ಕೂತು ಯಾರ ಜೊತೆಯೂ ಮಾತಾಡಿದವಳಲ್ಲ. ಕುರ್ಚಿಯ ತುದಿಗೆ ಕೂತಳು. ವಕೀಲರು ಪೆನ್ನು ಹಿಡಿಯಲಿಲ್ಲ, ಕಾಗದ ಬಿಡಿಸಲಿಲ್ಲ.

“ಹೇಳ್ರಿ ತಾಯಿ. ನಿಮಗ ಹೆಂಗ ಆಗಬೇಕು ಅನಿಸ್ತೈತಿ?”

ಅವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಮೊದಲ ಮಾತು ಕೇಳಿಸದಷ್ಟು ಮೆಲ್ಲಗೆ ಬಂತು. ಆಮೇಲೆ ದನಿ ಏರಿತು.

“ನನ್ನ ನೆಗೆಣ್ಣಿ ಪಾಲು ಆಕಿ ಹೆಸರಿಗೆ ಆಗಬೇಕ್ರಿ ಸಾಹೇಬ್ರ. ಅರ್ಧ ಅಂದ್ರ ಅರ್ಧ. ನಮ್ಮನಿಯವ್ರು ಇದ್ದಾಗನ ಮಾಡಬೇಕಿತ್ತು, ಇವತ್ತ ನಾಳೆ ಅಂತ ಉಳೀತು. ಬೇವೂರ ಮನಿ ದೊಡ್ಡಂವ್ಗ. ಬಾಗಲಕೋಟಿ ಮನಿ ಸಣ್ಣಂವ್ಗ. ಬ್ಯಾಂಕಿನ ರೊಕ್ಕದಾಗ ಮಗಳಿಗೂ ಬರಬೇಕು, ಸೀರಿ ಕುಪ್ಪಸ ಅಂತ ಅಲ್ಲ, ಪಾಲು ಅಂತ. ಹೊಲದಾಗ ನನ್ನ ಪಾಲು ನಾ ಇರೂ ತನಕ ನನ್ನ ಹೆಸರಿಗೆ ಇರಲಿ. ಯಾರೂ ಮಾರಿಸಬಾರ್ದು.”

ನಾನು ತಲೆಯೆತ್ತಿದೆ. ಇಷ್ಟೆಲ್ಲ ಯಾವಾಗ ಯೋಚಿಸಿದ್ದಳು? ಪಡಸಾಲೆಯ ಗೋಡೆಗೆ ಒರಗಿ ಕೂತವಳು ಸುಮ್ಮನೆ ಕೂತಿದ್ದಾಳೆಂದು ನಾವು ತಿಳಿದಿದ್ದೆವು.

ಆಮೇಲೆ ವಕೀಲರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ನನ್ನನ್ನೂ ಕೇಳಿದರು. ಎಲ್ಲರನ್ನೂ ಒಳಗೆ ಕರೆದಾಗ, ಅಣ್ಣನ ಮುಂದೆಯೇ ನನ್ನ ಮಾತು ಹೇಳಿಸಿದರು.

“ಅಪ್ಪ ಕೊಂಡ ಹೊಲದಾಗ ನನ್ನ ಹೆಸರು ಇರಲಿ,” ಎಂದೆ. “ಬೆಳಿ ನಮ್ಮಣ್ಣನ ಬೆಳಕೊಳ್ಳಲಿ. ನನಗ ಕಾಳು ಬ್ಯಾಡ.”

ಅಣ್ಣನ ಮುಖ ಕೆಂಪಾಯಿತು.

ವಕೀಲರು ಹೇಳಿದ್ದು ಸರಳವಾಗಿತ್ತು. “ಚಾವಡಿಯ ವಾರಸಾಕ್ಕ ವಕೀಲ ಬೇಕಾಗಿಲ್ಲ. ನಿಮ್ಮ ಮಗಾ ಓಡ್ಯಾಡಲಿ, ಅದಕ್ಕ ನನಗ ಫೀ ಬ್ಯಾಡ. ಬ್ಯಾಂಕಿನ ಠೇವಣಿಗೆ ಕೋರ್ಟಿನ ಪತ್ರ ಬೇಕು. ಯಾರಿಗೆ ಯಾವ ಪಾಲು ಅಂತ ವಾಟ್ನಿ ಪತ್ರ ಬರೀಬೇಕು. ಇವೆರಡಕ್ಕ ನಾ ಬರ್ತೇನಿ. ಆದ್ರ ನಿಮ್ಮ ನೆಗೆಣ್ಣಿ ಇಲ್ಲಿ ಬಂದು, ನನ್ನ ಮುಂದ ಕೂತು, ತನ್ನ ಬಾಯಿಂದ ಹೇಳೂ ತನಕ ಒಂದಕ್ಷರ ಬರಿಯಂಗಿಲ್ಲ. ನಾ ಬರದದ್ದು ಆಕಿಗೆ ಸರಿ ಅನಸ್ಲಿಲ್ಲಂದ್ರ ಮತ್ತೊಬ್ಬರಿಗೆ ತೋರಸ್ಲಿ. ಅದಕ್ಕ ನಾ ಸಿಟ್ಟಾಗಾಂವಲ್ಲ.”

ತಿರುಗಿ ಬರುವ ಬಸ್ಸಿನಲ್ಲಿ ಅವ್ವನ ಪಕ್ಕ ಕೂತು ಕೇಳಿದೆ: “ಇದನ್ನೆಲ್ಲಾ ಮನ್ಯಾಗ ಯಾಕ ಹೇಳಲಿಲ್ಲವ್ವಾ?”

“ಮಕ್ಕಳ ಮುಂದ ಹೇಳಿದ್ರ ಅವ್ವ ಒಬ್ಬರ ಪರ ಆದಂಗ ಆಗತೈತಿ,” ಎಂದಳು. ಕಿಟಕಿಯ ಕಡೆ ನೋಡುತ್ತ ಸೇರಿಸಿದಳು: “ಮತ್ತ ನನ್ನ ಯಾರು ಕೇಳಿದ್ರು?”

ಕೆಲಸ ಮುಗಿಯಲು ವರ್ಷವೇ ಹಿಡಿಯಿತು. ಚಿಗವ್ವ ಹುನಗುಂದಕ್ಕೆ ಬಂದು ವಕೀಲರ ಮುಂದೆ ಕೂತು ತನ್ನ ಮಾತು ಹೇಳಿ ಹೋದಳು. ಚಾವಡಿಗೆ ತಮ್ಮ ಓಡಾಡಿದ. ಅಲ್ಲಿ ಕರಿಕೋಟು ಹಾಕಲಿಲ್ಲ, ಉಳಿದವರ ಜೊತೆ ಕಟ್ಟೆಯ ಮೇಲೆ ಕೂತು ಪಾಳಿ ಕಾದ. ಬ್ಯಾಂಕಿನ ಅರ್ಜಿ ಕೋರ್ಟಿನಲ್ಲಿ ಬಂದ ದಿನ ಪಕ್ಷಗಾರರ ಬೆಂಚಿನ ಮೇಲೆ ಅವ್ವನ ಪಕ್ಕ ಕೂತ. ಅವನ ಜೊತೆಯ ವಕೀಲರು ಕೆಲವರು ನಕ್ಕರಂತೆ. ನಗಲಿ ಎಂದ.

ಅಣ್ಣನ ಸಿಟ್ಟು ಸುಮಾರು ದಿನ ಇಳಿಯಲಿಲ್ಲ. ಅವನದೂ ಸುಳ್ಳು ಸಿಟ್ಟಲ್ಲ. ಅಷ್ಟು ವರ್ಷ ಒಂದೇ ಎಂದು ಉತ್ತ ಹೊಲದಲ್ಲಿ ಅರ್ಧ ಬೇರೆಯವರ ಹೆಸರಿಗೆ ಹೋಗುವಾಗ 'ಕಾಗದದಲ್ಲಷ್ಟೇ' ಎಂದು ಹೇಳುವುದು ಕಾಗದ ಬಲ್ಲವರಿಗೆ ಸುಲಭ. ಆದರೆ ಅಳತೆಯವರು ಬಂದ ದಿನ ಅವನೇ ಸರಪಳಿಯ ತುದಿ ಹಿಡಿದು ನಡೆದ. ಒಂದು ಕಡೆ ಅಳತೆಯವರು ಕಲ್ಲು ನೆಡಲು ತೋರಿಸಿದ ಜಾಗ ಸರಿಯಲ್ಲವೆಂದು ತಗಾದೆ ತೆಗೆದ. ನಾವೆಲ್ಲ ಗಾಬರಿಯಾದೆವು. ಕಡೆಗೆ ನೋಡಿದರೆ ಅವನು ಹೇಳಿದ ಜಾಗದಲ್ಲಿ ನೆಟ್ಟರೆ ಚಿಗವ್ವನ ಪಾಲೇ ಒಂದು ಗೇಣು ಹೆಚ್ಚು.

“ಆಕಿಗೆ ಬರೂದು ಆಕಿಗೆ ಬರಲಿ. ನಾಳೆ ಮಾತು ಬ್ಯಾಡ,” ಎಂದು ಹಾರೆ ತೆಗೆದುಕೊಂಡು ಬಾಂದುಗಲ್ಲಿನ ಕುಣಿ ತಾನೇ ತೋಡಿದ.

ವಾಟ್ನಿ ಪತ್ರ ನೋಂದಣಿಯಾದ ದಿನ ಚಿಗವ್ವ ಮಗಳ ಜೊತೆ ಬಂದಿದ್ದಳು. ಹುನಗುಂದದ ವಕೀಲರು ಪತ್ರವನ್ನು ತಮ್ಮನ ಕೈಗೆ ಕೊಟ್ಟರು. “ನೀವೊಮ್ಮೆ ಓದಿ ನೋಡ್ರಿ, ತಪ್ಪು ಇದ್ರ ಹೇಳ್ರಿ.”

“ತಪ್ಪು ಹುಡುಕೂದು ನನ್ನ ಕೆಲಸ ಅಲ್ರಿ ಇವತ್ತು. ಇವ್ರಿಗೆ ಓದಿ ಹೇಳ್ತೇನಿ,” ಎಂದು ಅವನು ಅವ್ವ, ಚಿಗವ್ವ ಇಬ್ಬರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಸಾಲನ್ನು ನಮ್ಮ ಮನೆಯ ಮಾತಿಗೆ ತಂದು ಹೇಳಿದ. ಚಿಗವ್ವ ಹೆಬ್ಬೆಟ್ಟು ಒತ್ತುವ ಮೊದಲು ವಕೀಲರು ಮತ್ತೊಮ್ಮೆ ಅವಳನ್ನೇ ಕೇಳಿದರು, ಒಪ್ಪಿಗೆಯೇ ಎಂದು. “ಒಪ್ಪಿಗಿ ಐತ್ರಿ,” ಎಂದಳು. ಕಚೇರಿಯ ಹೊರಗೂ ಕೇಳಿಸುವಂತೆ ಅಂದಳು.

ಅವ್ವ ಹೆದರಿದ್ದಂತೆ ಜನ ಮಾತಾಡದೆ ಬಿಡಲಿಲ್ಲ. ಆದರೆ ಮಾತು ಅವಳು ಹೆದರಿದ ದಾರಿ ಹಿಡಿಯಲಿಲ್ಲ. “ತನ್ನ ಮನಿ ಆಸ್ತಿ ಕೆಲಸ ತಾನ ಮಾಡಲಿಲ್ಲಂತ ಆ ಹುಡುಗ, ಬ್ಯಾರೇರ್ನ ಹಿಡದನಂತ” ಎಂದು ಸುತ್ತಿನ ಹಳ್ಳಿಗಳಲ್ಲಿ ಹೇಳಿಕೊಂಡರು. ವಾಟ್ನಿಯ ತಕರಾರಿದ್ದವರು ಒಬ್ಬೊಬ್ಬರಾಗಿ ಅವನ ಬಾಗಿಲಿಗೆ ಬಂದರು. ಅಣ್ಣತಮ್ಮಂದಿರು ಕೂಡಿ ಬಂದರೆ ಅವನ ಮೊದಲ ಪ್ರಶ್ನೆ, ನಿಮ್ಮಕ್ಕ-ತಂಗಿಯರು ಎಲ್ಲಿ ಎಂದು. ಕೆಲವರು ಅದೇ ಬಾಗಿಲಿಂದ ವಾಪಸು ಹೋದದ್ದೂ ಉಂಟು.

ಪತ್ರ ನೋಂದಣಿಯಾದ ಚಳಿಗಾಲದ ಎಳ್ಳಮಾವಾಸ್ಯೆಗೆ ಎಲ್ಲರೂ ಬೇವೂರಿನಲ್ಲಿ ಕೂಡಿದೆವು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬುಟ್ಟಿ ತುಂಬಿ ಬಂಡಿಯಲ್ಲಿ ಹೊಲಕ್ಕೆ ಹೋದೆವು. ಪೂಜೆ ಮುಗಿದು ಎಡೆಯ ಅಡಿಗೆಯನ್ನು ಬೆಳೆಗೆ ತೂರಿ ಚರಗ ಚೆಲ್ಲುವ ಹೊತ್ತಾಯಿತು. ಅಜ್ಜನ ಹೊಲದ ಬಾಂದಿನ ಹತ್ತಿರ ಚಿಗವ್ವ ಹಿಂದೆ ಸರಿದು ನಿಂತಳು, ಯಾವಾಗಲೂ ನಿಲ್ಲುವ ಹಾಗೆ. ಅವ್ವ ಚರಗದ ಪರಾತವನ್ನು ತಂದು ಅವಳ ಕೈಗೆ ಕೊಟ್ಟಳು.

“ನಾ ಹೆಂಗ ಚೆಲ್ಲಲೇ ಯವ್ವಾ? ನಾ ಗಂಡ ಇಲ್ಲದಾಕಿ,” ಎಂದಳು ಚಿಗವ್ವ.

“ನಾನೂ ಇಲ್ಲದಾಕಿನ. ಹೊಲ ನಿಂದೈತಿ, ನೀ ಚೆಲ್ಲು.”

ಚಿಗವ್ವ ಸೆರಗು ಬಿಗಿದುಕೊಂಡು ಎದೆಯುದ್ದದ ಜೋಳದೊಳಗೆ ಇಳಿದಳು. ಚರಗ ಚೆಲ್ಲುವವರು ಕೂಗು ಹಾಕುತ್ತ ನಡೆಯಬೇಕು, ಅವರ ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಹೋಗಬೇಕು. ಯಾರು ಹೋಗಬೇಕೆಂದು ನಾವು ಮುಖ ಮುಖ ನೋಡುವಷ್ಟರಲ್ಲಿ ಅಣ್ಣ ಧೋತರ ಮೇಲೆ ಕಟ್ಟಿ, ತಂಬಿಗೆ ಎತ್ತಿಕೊಂಡು ಅವಳ ಹಿಂದೆ ನಡೆದ. ಮೊದಲ ಕೂಗು ಅವಳ ಗಂಟಲಲ್ಲೇ ಉಳಿಯಿತು. ಎರಡನೆಯದನ್ನು ಪಕ್ಕದ ಹೊಲದವರೂ ತಲೆಯೆತ್ತಿ ಕೇಳಿದರು.